ಹದಿನೆಂಟನೇ ನಂಬರಿನ ಸಾಕ್ಷಿ

"ಸಹಿ ಹಾಕಲ್ಲ ಸಾರ್."

ಹುಡುಗಿ ಈ ಮಾತು ಹೇಳುತ್ತಿದ್ದುದು ಇದು ಮೂರನೇ ಸಲ. ಮ್ಯಾನೇಜರರು ಮೇಜಿನ ಮೇಲೆ ತಳ್ಳಿದ ಕಾಗದವನ್ನು ಅವಳು ಒಂದೇ ಬೆರಳಿನಲ್ಲಿ ವಾಪಸ್ ತಳ್ಳಿದಳು. ಅದು ಜಾರಿಕೊಂಡು ಹೋಗಿ ಅವರ ಹೊಟ್ಟೆಗೆ ತಾಗಿ ನಿಂತಿತು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಸೂಜಿಗೆ ಆ ಬೆರಳು ಬಹಳ ಹಿಡಿಸಿತು. ಇಪ್ಪತ್ತಾರು ವರ್ಷ ಠಾಣೆಯಲ್ಲಿ ಕೂತು ಕಂಡವರ ಹೇಳಿಕೆಯನ್ನೆಲ್ಲ ಬರೆದುಕೊಂಡ ಹೆಂಗಸು ಅವಳು. ತಪ್ಪು ಮಾಡಿದವರು ಕಾಗದವನ್ನು ಓದಿದ್ದೇ ಓದುತ್ತಾರೆ, ನುಸುಳಿಕೊಳ್ಳಲು ಎಲ್ಲಾದರೂ ಸಂದಿ ಇದೆಯೇ ಎಂದು ಹುಡುಕುತ್ತಾರೆ. ಈ ಹುಡುಗಿ ಮೊದಲ ಸಾಲು ಓದಿದವಳು ಎರಡನೆಯದಕ್ಕೆ ಕಣ್ಣೇ ಹಾಯಿಸಿರಲಿಲ್ಲ.

ಠಾಣೆಯ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರುಮಾಡಿ ಐದು ವರ್ಷವಾಗಿದ್ದರೂ ಸೂಜಿ ಎಂಬ ಅಡ್ಡಹೆಸರು ಅವಳ ಬೆನ್ನು ಬಿಟ್ಟಿರಲಿಲ್ಲ. ಚುಚ್ಚಿದಲ್ಲಿಂದ ದಾರ ಎಳೆಯದೆ ಬಿಡುವವಳಲ್ಲ ಎಂದು ಹಳೆಯ ಇನ್ಸ್‌ಪೆಕ್ಟರೊಬ್ಬರು ಇಟ್ಟದ್ದು. ವಿಚಾರಣೆಗೆ ತಮ್ಮ ಪರವಾಗಿ ಒಬ್ಬರನ್ನು ಕೂರಿಸುವ ಹಕ್ಕು ಕೆಲಸಗಾರರ ಸಂಘಕ್ಕಿತ್ತು. ಹಾಗೆ ಕೂರಿಸಿದ್ದು ಇವಳನ್ನು. ಮ್ಯಾನೇಜರರಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ಕಾಗದದ ಮೊದಲ ಸಾಲು ಹೀಗಿತ್ತು: ನನ್ನ ಅಜಾಗರೂಕತೆಯಿಂದ ನಲವತ್ತು ಸಾವಿರ ಡೋಸು ಲಸಿಕೆ ಹಾಳಾಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ನಾಲ್ಕು ಗಂಟೆಯೊಳಗೆ ಸಹಿ ಬಿದ್ದರೆ ಬರೀ ಕೆಲಸ ಹೋಗುತ್ತದೆ. ಬೀಳದಿದ್ದರೆ, ಬೇಕೆಂದೇ ಮಾಡಿದಳು ಎಂದು ಪೊಲೀಸರಿಗೆ ದೂರು ಹೋಗುತ್ತದೆ. ಹುಡುಗಿ ಜೈಲಿಗೆ ಹೋಗುತ್ತಾಳೆ. ಗೋಡೆ ಗಡಿಯಾರದಲ್ಲಿ ಮೂರು ಹತ್ತಾಗಿತ್ತು.

ಉಗ್ರಾಣದಲ್ಲಿ ಎಲ್ಲರೂ ಆ ಹುಡುಗಿಯನ್ನು ಕೀಲಿಕೈ ಅನ್ನುತ್ತಿದ್ದರು. ಆರು ಶೀತಲ ಕೋಣೆಗಳ ಆ ಲಸಿಕೆ ಉಗ್ರಾಣದಲ್ಲಿ ನಲವತ್ಮೂರು ಸರ್ವರುಗಳಿದ್ದವು, ಎಲ್ಲವನ್ನೂ ತಿದ್ದುವ ಕೀಲಿ, ಅಂದರೆ ಪಾಸ್‌ವರ್ಡು, ಇದ್ದದ್ದು ಅವಳೊಬ್ಬಳ ಹತ್ತಿರ. ಮಂಗಳವಾರ ಹನ್ನೊಂದಕ್ಕೆ ಅವಳು ಒಂದು ಗುಂಡಿ ಒತ್ತಿದಳು. ನಾಲ್ಕನೇ ಕೋಣೆ ಕಾಯುತ್ತಿದ್ದ ಹದಿನೇಳನೇ ಸರ್ವರ್ ಪೂರ್ತಿ ಅಳಿಸಿಹೋಯಿತು, ಕೋಣೆ ಬೆಚ್ಚಗಾದರೆ ಹೊಡೆದುಕೊಳ್ಳುವ ಕಾವಲು ಗಂಟೆ ನಿಂತಿತು, ಮಧ್ಯಾಹ್ನ ಒಂದಕ್ಕೆ ಬಾಗಿಲು ತೆಗೆದಾಗ ಒಳಗೆ ಬೆಚ್ಚಗಿತ್ತು. ಇವತ್ತು ಗುರುವಾರ.

ಮ್ಯಾನೇಜರರು ಕನ್ನಡಕ ತೆಗೆದು ಒರೆಸಿಕೊಂಡರು. ಸಹಿಯ ವಿಷಯ ಆಮೇಲೆ ನೋಡೋಣ ಎಂದರು. ಮೊದಲು ಆ ಪಟ್ಟಿಯನ್ನು ಇನ್ನೊಂದು ಸಲ ಓಡಿಸಮ್ಮ, ಹದಿನೇಳು ಮತ್ತೆ ಎದ್ದು ನಿಲ್ಲಲಿ, ಮೇಲಿನವರು ಕೇಳುತ್ತಿದ್ದಾರೆ ಎಂದರು. ಅಮಾನತು ಮಾಡಿದ ಹುಡುಗಿಯ ಕೈಯಿಂದ ಇನ್ನೂ ಕೀಲಿ ಕಿತ್ತುಕೊಳ್ಳದಿದ್ದುದು ಇದಕ್ಕೇ ಇರಬೇಕು.

"ಅದನ್ನೂ ಓಡಿಸಲ್ಲ," ಅಂದಳು ಕೀಲಿಕೈ. "ಅವತ್ತು ಹದಿನೇಳು ಯಾಕೆ ಸುಳ್ಳು ಹೇಳ್ತು ಅಂತ ಗೊತ್ತಾಗೋವರೆಗೆ ನಾನು ಏನೂ ಒತ್ತಲ್ಲ."

ಮ್ಯಾನೇಜರರು ಸೂಜಿಯ ಕಡೆ ನೋಡಿ ನಕ್ಕರು. ಯಂತ್ರ ಸುಳ್ಳು ಹೇಳುತ್ತದಂತೆ, ಕೇಳಿದಿರಾ ಎನ್ನುವ ನಗು ಅದು. ಸೂಜಿ ನಗಲಿಲ್ಲ. ಬೆಳಗ್ಗೆ ಎರಡು ಗಂಟೆ ಹೊತ್ತು ಆ ಹುಡುಗಿಯ ಪಕ್ಕ ಕೂತು, ನಿನ್ನ ಕೆಲಸ ಏನು ಎಂದು ನನ್ನ ಮಂದಬುದ್ಧಿಗೆ ಇಳಿಯುವ ಹಾಗೆ ಹೇಳು ಎಂದು ಕಾಡಿ ಕಾಡಿ ಕಲಿತುಕೊಂಡಿದ್ದಳು.

ನಲವತ್ಮೂರು ಸರ್ವರುಗಳಿಗೂ ಒಂದೊಂದಾಗಿ ಕೈಯಿಂದ ಕೆಲಸ ಹೇಳುತ್ತ ಕೂತರೆ ವಾರ ಸಾಲದು. ಅದಕ್ಕೇ ಮಾಡಬೇಕಾದ್ದನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟಿರುತ್ತಾರೆ, ಪ್ಲೇಬುಕ್ ಅನ್ನುತ್ತಾರಂತೆ. ಕೀಲಿಕೈ ಅದನ್ನು ಪ್ರತಿ ಮಂಗಳವಾರ ಓಡಿಸುತ್ತಾಳೆ. ಕೆಲಸ ಶುರುಮಾಡುವ ಮೊದಲು ಪಟ್ಟಿ ಒಂದೊಂದು ಸರ್ವರನ್ನೂ ನೀನು ಯಾರಪ್ಪ ಎಂದು ವಿಚಾರಿಸುತ್ತದೆ. ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎನ್ನುವುದನ್ನು ಸರ್ವರ್ ತಾನಾಗಿಯೇ ಹೇಳಿಕೊಳ್ಳುತ್ತದೆ.

ಆದರೆ ಯಾವ ಕೋಣೆ ಕಾಯುತ್ತೀ, ಕೆಲಸದಲ್ಲಿದ್ದೀಯೋ ನಿವೃತ್ತಿ ಆಗಿದೆಯೋ ಎನ್ನುವುದು ಹೊರಗಿನವರು ಮಾಡಿಕೊಟ್ಟ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅದು ಮನೆಯವರಿಗೆ ಮಾತ್ರ ಗೊತ್ತಿರುವ ಸಂಗತಿ. ಹಾಗಾಗಿ ಅದನ್ನು ಒಂದು ಸಣ್ಣ ಫೈಲಿನಲ್ಲಿ ಬರೆದು ಆಯಾ ಸರ್ವರಿನ ಹೊಟ್ಟೆಯೊಳಗೇ ಇಟ್ಟಿರುತ್ತಾರೆ. ಕೀಲಿಕೈ ಅದನ್ನು ಫ್ಯಾಕ್ಟ್ ಫೈಲು ಅಂದಳು. ಸೂಜಿ ಚೀಟಿ ಅಂದಳು, ಅದೇ ಹೆಸರು ನಿಂತಿತು.

ಚೀಟಿ ಕೆಲಸದಲ್ಲಿದ್ದೇನೆ ಎಂದರೆ ಪಟ್ಟಿ ಗಂಟೆಯನ್ನು ಪರೀಕ್ಷೆ ಮಾಡಿ ಮುಂದೆ ಹೋಗುತ್ತದೆ. ನಿವೃತ್ತ ಎಂದರೆ ಗಂಟೆ ನಿಲ್ಲಿಸಿ ಡಿಸ್ಕ್ ಅಳಿಸುತ್ತದೆ. ಮಂಗಳವಾರ ಹದಿನೇಳು ತಾನು ನಿವೃತ್ತ ಎಂದಿತ್ತು. ಕಚೇರಿಯಲ್ಲಿಟ್ಟ ಚೀಟಿಗಳ ಮೂಲ ಪ್ರತಿಯಲ್ಲಿ ಮಾತ್ರ ಅದು ಕೆಲಸದಲ್ಲಿದೆ ಎಂದೇ ಇತ್ತು.

"ಚೀಟಿ ಹೇಳಿದ್ದನ್ನ ಯಾರನ್ನೂ ಕೇಳದೆ ನಂಬೋ ಹಾಗೆ ಪಟ್ಟಿ ಬರ್ದಿದ್ದು ನಾನೇ," ಎಂದು ಕೀಲಿಕೈ ಬೆಳಗ್ಗೆಯೇ ಒಪ್ಪಿಕೊಂಡಿದ್ದಳು. "ಆ ತಪ್ಪು ನಂದು. ಅದಕ್ಕೆ ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಮಾಡದೇ ಇರೋದಕ್ಕೆ ಹಾಕಲ್ಲ."

ಸೂಜಿ ಎದ್ದು ಬಂದು ತನ್ನ ಕೈಚೀಲದಿಂದ ಒಂದು ಗಾಜಿನ ಶೀಶೆ ತೆಗೆದು ಮೇಜಿನ ಮೇಲೆ ಇಟ್ಟಳು. ಹೆಬ್ಬೆರಳಿಗಿಂತ ಚಿಕ್ಕದು. ನಾಲ್ಕನೇ ಕೋಣೆಯ ಕೆಟ್ಟ ಲಸಿಕೆ. ಸೂಜಿ ಮಾತಾಡಿಸಿದ್ದು ಮಾತ್ರ ಬಾಗಿಲ ಹತ್ತಿರ ಕೂತಿದ್ದ ಉಗ್ರಾಣದಕ್ಕನನ್ನು.

ಉಗ್ರಾಣದಕ್ಕ ಹತ್ತೊಂಬತ್ತು ವರ್ಷದಿಂದ ಆ ಶೀತಲ ಕೋಣೆಗಳನ್ನು ನೋಡಿಕೊಂಡವಳು. ದಪ್ಪ ಕೋಟು, ಮೊಣಕಾಲಿನವರೆಗೆ ರಬ್ಬರ್ ಬೂಟು. ವಿಚಾರಣೆ ಶುರುವಾದಾಗಿನಿಂದ ಕೈಗವಸು ಹಾಕುತ್ತ ತೆಗೆಯುತ್ತ ಕೂತಿದ್ದಳೇ ಹೊರತು ತುಟಿ ಬಿಚ್ಚಿರಲಿಲ್ಲ.

ಶೀಶೆಗೆ ಅಂಟಿಸಿದ ಲೇಬಲಿನ ಮೇಲೆ ಒಂದು ದುಂಡು ಗುರುತು, ಅದರ ನಡುವೆ ಒಂದು ಚೌಕ. ಇದು ಏನು ಎಂದು ಸೂಜಿ ಕೇಳಿದಳು. ಲಸಿಕೆಗೆ ಬಿಸಿ ತಾಗಿದಷ್ಟೂ ಆ ಚೌಕ ಕಪ್ಪಾಗುತ್ತ ಹೋಗುತ್ತದೆ, ಸುತ್ತಲಿನ ದುಂಡಿನಷ್ಟು ಕಪ್ಪಾದರೆ ಆ ಶೀಶೆಯನ್ನು ಬಿಸಾಡಬೇಕು, ಕಪ್ಪಾದದ್ದು ಮತ್ತೆ ಬಿಳಿಯಾಗುವುದಿಲ್ಲ ಎಂದು ಉಗ್ರಾಣದಕ್ಕ ನೆಲ ನೋಡುತ್ತ ಹೇಳಿದಳು. ಈ ಶೀಶೆಯ ಚೌಕ ದುಂಡಿಗಿಂತಲೂ ಕಪ್ಪಾಗಿತ್ತು.

"ಹನ್ನೊಂದರಿಂದ ಒಂದು ಗಂಟೆ. ಎರಡೇ ಗಂಟೆ ಹೊತ್ತಿಗೆ ಇಷ್ಟು ಕಪ್ಪಾಗುತ್ತಾ?" ಎಂದಳು ಸೂಜಿ.

ಉಗ್ರಾಣದಕ್ಕ ಮ್ಯಾನೇಜರರ ಮುಖ ನೋಡಿದಳು. ಮ್ಯಾನೇಜರರು ಕಿಟಕಿ ನೋಡಿದರು. ಹೆಂಗಸಿನ ಕೈಯಲ್ಲಿ ಗವಸು ಹಿಂಡಿದ ಬಟ್ಟೆಯಾಗಿತ್ತು.

"ಹೇಳಕ್ಕ," ಅಂದಳು ಕೀಲಿಕೈ. "ನಿನ್ನ ಕೆಲಸ ಉಳಿಬೇಕು ಅಂತ ನಂಗೂ ಇದೆ. ಆದ್ರೆ ನಾನು ಜೈಲಿಗೆ ಹೋದ್ರೆ ನಿನ್ನ ನಿದ್ದೆ ಉಳಿಯಲ್ಲ."

"ಆಗಲ್ಲ," ಅಂದಳು ಉಗ್ರಾಣದಕ್ಕ, ಕೊನೆಗೂ ತಲೆ ಎತ್ತಿ. "ಎರಡು ಗಂಟೇಲಿ ಆಗಲ್ಲ. ಮೂರು ನಾಲ್ಕು ದಿನ ಬೇಕು. ಕಂಪ್ರೆಸರು ಶುಕ್ರವಾರಾನೇ ಕೈ ಕೊಟ್ಟಿತ್ತು. ಗಂಟೆ ಹೊಡ್ಕೊಂಡಿತ್ತು. ಸಾರ್‌ಗೆ ಫೋನ್ ಮಾಡಿದ್ದೆ. ಗಂಟೆ ಬಾಯಿ ಮುಚ್ಸು, ನಾನು ನೋಡ್ಕೊತೀನಿ ಅಂದ್ರು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಸೂಜಿ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದಳು. ಎಮ್ಮೆಯನ್ನು ಮುಂದೆ ಕೂರಿಸಿಕೊಂಡು ಬರೆಯ ಕಾಗದಕ್ಕೆ ಸಹಿ ಕೇಳುವ ಧೈರ್ಯವನ್ನು ಇವತ್ತೇ ನೋಡಿದ್ದು. ಅವಳಿಗೆ ಮೈ ಉರಿಯಿತು.

ಅಂದರೆ ಲಸಿಕೆ ಮಂಗಳವಾರ ಕೆಟ್ಟದ್ದಲ್ಲ. ಶುಕ್ರವಾರದಿಂದಲೇ ಕೆಡುತ್ತಿತ್ತು, ಮತ್ತು ಅದು ಗೊತ್ತಿದ್ದವರು ಇದ್ದರು. ಮಂಗಳವಾರ ಬೇಕಾಗಿದ್ದದ್ದು ಒಂದು ಅಪಘಾತ, ಅದನ್ನು ತಲೆಗೆ ಕಟ್ಟಲು ಒಬ್ಬ ಹುಡುಗಿ.

ಮ್ಯಾನೇಜರರು ಬಾಯಿಗೆ ಬಂದದ್ದು ಹೇಳುತ್ತ ಹೋದರು. ಯಾವ ಫೋನೂ ಬಂದಿಲ್ಲ ಎಂದರು. ಬಂದಿದ್ದರೂ ತಾನು ಮೇಲಿನವರಿಗೆ ತಿಳಿಸಿದ್ದೆ ಎಂದರು. ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದದ್ದು ಅವರಿಗೇ ತಿಳಿಯಲಿಲ್ಲ. ಕೊನೆಗೆ, ಶುಕ್ರವಾರ ಕೋಣೆ ಬಿಸಿಯಾಗಿತ್ತು ಎನ್ನುವುದಕ್ಕೆ ದಾಖಲೆ ಎಲ್ಲಿದೆ, ಹದಿನೇಳು ಹೋಯಿತಲ್ಲ ಎಂದು ಕುರ್ಚಿಗೆ ಒರಗಿದರು.

ಕೀಲಿಕೈ ಥಟ್ಟನೆ ತಲೆ ಎತ್ತಿದಳು. ಸೂಜಿ ಅದನ್ನು ನೋಡಿದಳು, ಏನು ಮಗಳೇ ಎಂದಳು.

ಹದಿನೇಳಕ್ಕೆ ಒಂದು ಜೋಡಿ ಇದೆ, ಹದಿನೆಂಟು. ಹದಿನೇಳು ಬರೆದುಕೊಂಡದ್ದನ್ನೆಲ್ಲ ಅದೂ ಬರೆದಿಟ್ಟುಕೊಳ್ಳುತ್ತದೆ. ಸೋಮವಾರ ಸಂಜೆ ಅದರ ಫ್ಯಾನು ಕೆಟ್ಟಿತ್ತು; ಕೀಲಿಕೈ ತಾನೇ ಅದನ್ನು ಆರಿಸಿ ಬಿಚ್ಚಿಟ್ಟಿದ್ದಳು. ಹಾಗಾಗಿ ಮಂಗಳವಾರ ಹನ್ನೊಂದಕ್ಕೆ ಅದು ಸತ್ತ ಹಾಗೆ ಬಿದ್ದಿತ್ತು, ಪಟ್ಟಿ ಅದನ್ನು ಮುಟ್ಟಿರಲಿಲ್ಲ. ಮಂಗಳವಾರದ್ದು ಅದರಲ್ಲಿ ಏನೂ ಇಲ್ಲವಲ್ಲ ಎಂದು ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಆದರೆ ಶುಕ್ರವಾರದ್ದು ಇತ್ತು, ಶನಿವಾರದ್ದು ಇತ್ತು, ಭಾನುವಾರದ್ದೂ ಇತ್ತು.

"ಇವತ್ತು ಬೆಳಗ್ಗೆ ಹೊಸ ಫ್ಯಾನ್ ಬಂತು ಅಂತ ಹಾಕಿ ಆನ್ ಮಾಡಿದ್ರು," ಅಂದಳು ಕೀಲಿಕೈ. "ಅದು ಈಗ ಬದುಕಿದೆ ಮೇಡಂ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಸೂಜಿ ಎಷ್ಟೋ ನೋಡಿದ್ದಳು. ಮ್ಯಾನೇಜರರ ಕೈ ಹೋದದ್ದು ಹೆಗಲಿಗಲ್ಲ, ಜೇಬಿಗೆ. ಮೊಬೈಲು ಮೇಜಿನ ಕೆಳಗೆ ಹೋಯಿತು, ಅವರ ಹೆಬ್ಬೆರಳು ಆಡತೊಡಗಿತು. ಯಾರಿಗೆ ಬರೆಯುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಮನೆಗೆ ಎಂದರು. ಸೂಜಿ ಒತ್ತಾಯ ಮಾಡಲಿಲ್ಲ. ಆಮೇಲೆ ಅವಳು ತನ್ನನ್ನು ತಾನೇ ಬೈದುಕೊಂಡದ್ದು ಇದೊಂದಕ್ಕೇ.

ಮೇಜಿನ ತುದಿಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೀಲಿಕೈ ಕೂತಳು. ದಾಖಲೆ ತೆಗೆಯುವ ಮೊದಲು ಸೂಜಿಗೆ ಇನ್ನೊಂದು ಕುತೂಹಲ ಇತ್ತು. ಹದಿನೇಳರ ಹೊಟ್ಟೆಯಲ್ಲಿ ಬೇರೆ ಚೀಟಿ ಇಟ್ಟವರು ಅದರ ಜೋಡಿಯನ್ನು ಸುಮ್ಮನೆ ಬಿಟ್ಟಿರುತ್ತಾರೆಯೇ? ಎಲ್ಲ ಸರ್ವರುಗಳ ಚೀಟಿಯನ್ನೂ ಸಾಲಾಗಿ ತೋರಿಸು ಎಂದಳು.

ಪರದೆಯ ಮೇಲೆ ನಲವತ್ತೆರಡು ಸಾಲು ಬಂದವು. ಸೂಜಿಗೆ ಅದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಠಾಣೆಯ ದಿನಚರಿ ತಿದ್ದಿದವರನ್ನು ಹಿಡಿದದ್ದು ಅವಳು ಓದಿ ಅಲ್ಲ, ಸಾಲಿನ ಆಕಾರ ನೋಡಿ. ಅವಳು ಪರದೆಗೆ ಮೂಗು ತಾಗುವಷ್ಟು ಬಾಗಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು.

ಉಳಿದ ಸಾಲುಗಳಲ್ಲಿ ಬರೀ ಗೀಟು ಇದ್ದ ಮೂರು ಜಾಗಗಳಲ್ಲಿ, ಈ ಒಂದು ಸಾಲಿನಲ್ಲಿ ಎಕ್ಸ್ ಅಕ್ಷರ ಇತ್ತು. ಹದಿನೆಂಟನೇ ಸರ್ವರಿನ ಸಾಲು.

ಕೀಲಿಕೈ ಕುರ್ಚಿ ಮುಂದಕ್ಕೆಳೆದುಕೊಂಡಳು. ಆ ಅಕ್ಷರ ಇದ್ದರೆ ಅದು ಓದುವ ಫೈಲಲ್ಲ, ಓಡಿಸುವ ಫೈಲು ಎಂದಳು. ಚೀಟಿಗೆ ಆ ಗುರುತು ಇದ್ದರೆ ಪಟ್ಟಿ ಅದರಲ್ಲಿ ಬರೆದದ್ದನ್ನು ಓದುವುದಿಲ್ಲ. ಅದನ್ನು ಒಂದು ಪ್ರೋಗ್ರಾಮಿನ ಹಾಗೆ ಓಡಿಸಿ, ಅದು ಬಾಯಿಬಿಟ್ಟು ಏನು ಹೇಳುತ್ತದೋ ಅದನ್ನು ನಂಬುತ್ತದೆ. ಈ ಉಗ್ರಾಣದಲ್ಲಿ ಅಂಥ ಚೀಟಿ ಯಾರೂ ಇಡುವುದಿಲ್ಲ; ಕೈಯಿಂದ ನಾಲ್ಕು ಸಾಲು ಬರೆದರೆ ಮುಗಿಯಿತು.

ಅಂದರೆ ಬರೆದಿಟ್ಟ ಚೀಟಿ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ. ಓಡುವ ಚೀಟಿ ಎದುರಿಗೆ ಯಾರಿದ್ದಾರೆ ನೋಡಿ ಮಾತಾಡಬಹುದು. ಇದು ಸೂಜಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಂಥ ಸಾಕ್ಷಿಗಳ ಜೊತೆಗೇ ಅವಳ ಅರ್ಧ ಆಯಸ್ಸು ಕಳೆದಿತ್ತು.

ಬರೀ ಕೇಳುವುದರಿಂದ ಅಪಾಯ ಇದೆಯೇ ಎಂದು ವಿಚಾರಿಸಿದಳು. ಇಲ್ಲ, ಕೇಳಿದರೆ ಉತ್ತರ ಮಾತ್ರ ಬರುತ್ತದೆ, ಪಟ್ಟಿ ಓಡಿಸಿದರೆ ಮಾತ್ರ ಅಳಿಸುವುದು ಎಂದಳು ಕೀಲಿಕೈ. ಹಾಗಾದರೆ ಮೊದಲು ಸಾರ್ ಹೆಸರಿನಲ್ಲಿ ಕೇಳೋಣ ಎಂದಳು ಸೂಜಿ. ಮ್ಯಾನೇಜರರು ಒಲ್ಲೆ ಎಂದರು. ಹದಿನೇಳರ ಬಗ್ಗೆ ನಿಮಗೇನೂ ಗೊತ್ತಿಲ್ಲದಿದ್ದರೆ ಹದಿನೆಂಟರ ಹತ್ತಿರ ಒಂದು ಪ್ರಶ್ನೆ ಕೇಳಲು ಏನು ಭಯ ಎಂದು ಉಗ್ರಾಣದಕ್ಕನೇ ಕೇಳಿದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳಿಗೂ ರುಚಿ ಹತ್ತಿತ್ತು.

ಮ್ಯಾನೇಜರರು ತಮ್ಮ ಪಾಸ್‌ವರ್ಡನ್ನು ಎರಡು ಸಲ ತಪ್ಪು ಹೊಡೆದು ಮೂರನೇ ಸಲ ಸರಿಯಾಗಿ ಹೊಡೆದರು. ಹದಿನೆಂಟು ಉತ್ತರ ಕೊಟ್ಟಿತು: ನಾಲ್ಕನೇ ಕೋಣೆ, ಕೆಲಸದಲ್ಲಿದ್ದೇನೆ.

ಅವರ ಮುಖಕ್ಕೆ ಬಣ್ಣ ಬಂತು. ನೋಡಿದಿರಾ, ಎಲ್ಲ ಸರಿಯಾಗಿಯೇ ಇದೆ ಎಂದು ಹಿಂದೆ ಸರಿದರು.

ಆಮೇಲೆ ಕೀಲಿಕೈ ತನ್ನ ಹೆಸರಿನಲ್ಲಿ ಅದೇ ಪ್ರಶ್ನೆ ಕೇಳಿದಳು. ಅಕ್ಷರಕ್ಕೆ ಅಕ್ಷರ ಅದೇ ಪ್ರಶ್ನೆ. ಹದಿನೆಂಟು ಉತ್ತರ ಕೊಟ್ಟಿತು: ನಾಲ್ಕನೇ ಕೋಣೆ, ನಿವೃತ್ತ.

ಅವಳು ಇನ್ನೊಂದು ಸಲ ಕೇಳಿದಳು. ನಿವೃತ್ತ. ಆಮೇಲೆ ಚೀಟಿಯನ್ನೇ ಬಿಚ್ಚಿದಳು. ಹನ್ನೆರಡು ಸಾಲು. ಆರನೇ ಸಾಲಿನಲ್ಲಿ ಅವಳ ಹೆಸರಿತ್ತು. ಕೇಳುತ್ತಿರುವವಳು ಇವಳಾದರೆ ನಿವೃತ್ತ ಅನ್ನು, ಬೇರೆ ಯಾರಾದರೂ ಆದರೆ ಕೆಲಸದಲ್ಲಿದ್ದೇನೆ ಅನ್ನು.

ಕೀಲಿಕೈ ಪರದೆಯ ಮೇಲಿದ್ದ ತನ್ನ ಹೆಸರನ್ನು ನೋಡುತ್ತ ಕೂತುಬಿಟ್ಟಳು. ಎರಡು ದಿನದಿಂದ ಊಟ ನಿದ್ದೆ ಬಿಟ್ಟು ತಾನೇ ಎಲ್ಲೋ ಎಡವಿದೆನೇನೋ ಎಂದು ತಲೆ ಚಚ್ಚಿಕೊಂಡಿದ್ದಳು. ಕಣ್ಣಲ್ಲಿ ನೀರು ಬಂತು, ಅದು ದುಃಖದ್ದಲ್ಲ. ಅವಳಿಗೆ ಕೆಂಡದಂಥ ಸಿಟ್ಟು ಬಂದಿತ್ತು.

ಇದನ್ನೂ ನೀನೇ ಬರೆದಿಟ್ಟಿರಬಹುದಲ್ಲ, ಕೀಲಿ ಇರುವುದು ನಿನ್ನ ಹತ್ತಿರ ತಾನೇ ಎಂದರು ಮ್ಯಾನೇಜರರು. ದನಿಯಲ್ಲಿ ಮೊದಲಿನ ಕಸುವು ಇರಲಿಲ್ಲ.

"ಕಳ್ಳನಿಗೊಂದು ಪಿಳ್ಳೆ ನೆವ ಅನ್ನೋದು ಇದಕ್ಕೇ," ಅಂದಳು ಕೀಲಿಕೈ. ಎದ್ದು ನಿಂತಿದ್ದಳು. "ನನ್ನನ್ನೊಬ್ಬಳನ್ನೇ ಸಿಕ್ಕಿಹಾಕ್ಸೋ ಚೀಟಿ ನಾನ್ಯಾಕ್ ಸಾರ್ ಬರೀಲಿ? ನಿಮಗೆ ಕೋಣೆ ಬಿಸಿಯಾಗಿದ್ದು ಮುಚ್ಚಿಹಾಕ್ಬೇಕಿತ್ತು. ಅಷ್ಟಕ್ಕೆ ಸರ್ವರ್ ಅಳಿಸಿದ್ರೆ ಸಾಕಿತ್ತಲ್ಲ. ನನ್ನ ಕೈಯಿಂದಾನೇ ಅಳಿಸ್ಬೇಕಿತ್ತಾ?"

"ನಾನು ಬರ್ದಿಲ್ಲ," ಅಂದರು ಮ್ಯಾನೇಜರರು. "ನನಗೆ ಇದೆಲ್ಲ ಬರೋದೇ ಇಲ್ಲ."

ಅವರು ಅಷ್ಟು ಹೊತ್ತು ಆಡಿದ ಮಾತುಗಳಲ್ಲಿ ಇದೊಂದನ್ನು ಸೂಜಿ ನಂಬಿದಳು. ತನ್ನ ಪಾಸ್‌ವರ್ಡನ್ನೇ ಎರಡು ಸಲ ತಪ್ಪು ಹೊಡೆಯುವ ಮನುಷ್ಯ ಹನ್ನೆರಡು ಸಾಲು ಬರೆಯುವುದುಂಟೇ? ಹಾಗಾದರೆ ಯಾರು? ಈ ಉಗ್ರಾಣದ ಚೀಟಿಗಳ ಒಳಹೊರಗು ಬಲ್ಲವರು, ಈ ಮ್ಯಾನೇಜರರು ಯಾರಿಗೆ ಹೆದರುತ್ತಾರೋ ಅವರು. ಅವಳು ಆ ಪ್ರಶ್ನೆ ಕೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಕೀಲಿಕೈ ಸಣ್ಣಗೆ ಅಂದಳು, "ಮೇಡಂ, ನನ್ನ ಕೈ ನೋಡಿ."

ಅವಳ ಎರಡೂ ಕೈ ಗಾಳಿಯಲ್ಲಿದ್ದವು, ಕೀಲಿಮಣೆಯಿಂದ ಮೊಳ ದೂರದಲ್ಲಿ. ಪರದೆಯ ಮೇಲೆ ಸಾಲುಗಳು ತಾವಾಗಿಯೇ ಓಡುತ್ತಿದ್ದವು. ಹದಿನೆಂಟರ ಒಳಗೆ ಕೀಲಿಕೈ ಹೆಸರಿನಲ್ಲಿ ಒಬ್ಬರಲ್ಲ, ಇಬ್ಬರಿದ್ದರು. ಒಬ್ಬಳು ಇಲ್ಲಿ ಕೈ ಎತ್ತಿ ನಿಂತಿದ್ದಳು. ಇನ್ನೊಬ್ಬರು ಬೇರೆಲ್ಲೋ ಕೂತು, ಆ ಒಂದೇ ಸರ್ವರಿನ ಮೇಲೆ ಪಟ್ಟಿ ಓಡಿಸುತ್ತಿದ್ದರು.

ಇಲ್ಲಿಂದ ನಿಲ್ಲಿಸು ಎಂದಳು ಸೂಜಿ. ಆಗುವುದಿಲ್ಲ, ಓಡಿಸುತ್ತಿರುವುದು ಇಲ್ಲಿಂದಲ್ಲ ಎಂದಳು ಹುಡುಗಿ. ಈಗ ಅದು ಹದಿನೆಂಟನ್ನು ನೀನು ಯಾರು ಎಂದು ಕೇಳುತ್ತಿದೆ, ಉತ್ತರ ನಿವೃತ್ತ ಎಂದು ಬರುತ್ತದೆ, ಮೊದಲು ಗಂಟೆ ನಿಲ್ಲಿಸುತ್ತದೆ, ಅರ್ಧ ನಿಮಿಷ ಬಿಟ್ಟು ಡಿಸ್ಕ್ ಅಳಿಸುತ್ತದೆ.

"ಎಲ್ಲಿದೆ ಅದು?"

ಗಾಜಿನ ಗೋಡೆಯ ಆಚೆ ಸರ್ವರುಗಳ ಕೋಣೆ. ಹಳೆ ಠಾಣೆಯ ಹೆಂಗಸಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಅವಳು ಬಾಗಿಲಿಗೆ ನುಗ್ಗಿದಳು. ಅಡ್ಡ ಬಂದ ಮ್ಯಾನೇಜರರನ್ನು ಉಗ್ರಾಣದಕ್ಕ ಅಂಗಿಯ ಕಾಲರು ಹಿಡಿದು ಗೋಡೆಗೆ ಒರಗಿಸಿದಳು. ದಿನಕ್ಕೆ ನೂರು ಪೆಟ್ಟಿಗೆ ಎತ್ತುವ ಕೈ, ಅವರು ಮಿಸುಕಲಿಲ್ಲ.

ಮೂರನೇ ಕಪಾಟು, ಕೆಳಗಿನಿಂದ ಎರಡನೆಯದು ಎಂದು ಕೀಲಿಕೈ ಕೂಗಿದಳು. ಸೂಜಿ ಹಿಂದೆ ಕೈ ಹಾಕಿ ಸಿಕ್ಕಿದ ದಪ್ಪ ವೈರನ್ನು ಕಿತ್ತಳು. ಹದಿನೆಂಟು ಒಂದು ಸಲ ಕೀರಲು ದನಿ ಮಾ‌ಡಿ ಸುಮ್ಮನಾಯಿತು, ಅದರ ದೀಪ ಮಾತ್ರ ಹಾಗೆಯೇ ಉರಿಯುತ್ತಿತ್ತು.

"ಎರಡು ವೈರ್ ಇರುತ್ತೆ ಮೇಡಂ," ಎಂದು ಹಿಂದಿನಿಂದ ಬಂದ ಕೀಲಿಕೈ ನೆಲದ ಮೇಲೆ ಮೊಣಕಾಲೂರಿ, ಎರಡನೆಯದನ್ನು ಎಡಗೈಯಲ್ಲಿ ಹಿಡಿದು ಎಳೆದಳು. ದೀಪ ಆರಿತು. ಹೊಸ ಫ್ಯಾನು ನಿಧಾನವಾಗಿ ಸುತ್ತಿ ನಿಂತಿತು.

ಅಳಿಸಿತೇ, ಉಳಿಯಿತೇ? ಗಂಟೆ ನಿಂತಿದೆ, ಡಿಸ್ಕಿನವರೆಗೆ ಹೋಗಿರಲಿಲ್ಲ ಎಂದಳು ಕೀಲಿಕೈ. ಶುಕ್ರವಾರ, ಶನಿವಾರ, ಭಾನುವಾರ ಎಲ್ಲ ಅದರ ಹೊಟ್ಟೆಯಲ್ಲೇ ಇವೆ. ಮೇಲಾಗಿ, ಅವಳ ಹೆಸರಿನಲ್ಲಿ ಬೇರೆ ಯಾರೋ ಪಟ್ಟಿ ಓಡಿಸುವಾಗ ಅವಳ ಕೈ ಎಲ್ಲಿತ್ತು ಎನ್ನುವುದಕ್ಕೆ ಈಗ ಮೂರು ಜನ ಸಾಕ್ಷಿ, ಅದರಲ್ಲೊಬ್ಬರು ಮ್ಯಾನೇಜರರೇ. ಸೂಜಿ ಅವಳ ಬೆನ್ನು ತಟ್ಟಿದಳು. ಗೆದ್ದೆವು ಎಂದೇ ಅವಳಿಗೆ ಅನ್ನಿಸಿತ್ತು.

ಎರಡನೆಯವರು ಎಲ್ಲಿಂದ ಒಳಗೆ ಬಂದಿದ್ದರು ಎನ್ನುವುದು ಇನ್ನೂ ಪರದೆಯ ಮೇಲೇ ಇತ್ತು. ವಾಪಸ್ ಬಂದ ಕೀಲಿಕೈ ಆ ಸಾಲನ್ನು ಓದಿದಳು. ಮತ್ತೊಮ್ಮೆ ಓದಿದಳು. ಕುರ್ಚಿ ಎಳೆದುಕೊಳ್ಳದೆ ಹಾಗೆಯೇ ಮೇಜಿನ ಅಂಚು ಹಿಡಿದಳು.

"ಇದು ನಮ್ಮನೆ," ಅಂದಳು. "ಮನೇಲಿ ಕೆಲಸ ಮಾಡಕ್ಕೆ ಆಫೀಸಿನವ್ರು ಕೊಟ್ಟ ಲ್ಯಾಪ್‌ಟಾಪ್. ಅದು ನನ್ನ ರೂಮಲ್ಲಿದೆ."

ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದಕ್ಕೆ ಅಮ್ಮ ಒಬ್ಬಳೇ ಎಂದಳು. ಮೊಬೈಲಿನ ಬೀಗ ತೆಗೆಯಲೂ ಪಕ್ಕದ ಮನೆಯವರನ್ನು ಕರೆಯುವ ಅಮ್ಮ.

ಫೋನು ನಾಲ್ಕು ಸಲ ರಿಂಗಾಯಿತು. ಕೀಲಿಕೈ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಅಮ್ಮನ ದನಿ ಆರಾಮಾಗಿತ್ತು. ಏನೇ, ಊಟ ಮಾಡಿದ್ಯಾ ಎಂದೇ ಶುರುಮಾಡಿದಳು. ನಿಮ್ಮ ಆಫೀಸಿನವರು ಎರಡು ಗಂಟೆಗೇ ಬಂದಿದ್ದಾರೆ, ಪಾಪ, ನಿನ್ನನ್ನು ಕಷ್ಟದಿಂದ ಪಾರು ಮಾಡಲೆಂದೇ ಬಂದದ್ದಂತೆ, ನಿನ್ನ ಕಂಪ್ಯೂಟರ್ ನೋಡಬೇಕು ಅಂದರು, ಡೈರಿಯ ಹಿಂದೆ ಪಾಸ್‌ವರ್ಡು ಬರೆದಿಟ್ಟಿದ್ದೀಯಲ್ಲ, ಅದನ್ನೇ ಕೊಟ್ಟೆ ಎಂದಳು. ಎಷ್ಟು ಒಳ್ಳೆಯವರು, ಒಳಗೆ ಬರುವಾಗ ಚಪ್ಪಲಿಯನ್ನು ತಾವೇ ಬದಿಗೆ ಜೋಡಿಸಿಟ್ಟರು ಎಂದಳು. ಇರು, ಅವರೇ ಮಾತಾಡುತ್ತಾರಂತೆ.

ಫೋನು ಕೈ ಬದಲಾಯಿಸಿತು.

"ಸಹಿ ಆಯ್ತೇನಮ್ಮ?"

ವಯಸ್ಸಾದ, ಮೆತ್ತಗಿನ, ಅವಸರವೇ ಇಲ್ಲದ ದನಿ. ಗಂಡಸಿನದು. ಅದನ್ನು ಕೇಳಿದ್ದೇ ತಡ, ಗೋಡೆಗೆ ಒರಗಿದ್ದ ಮ್ಯಾನೇಜರರು ನೆಟ್ಟಗೆ ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಅವರಿಗೆ ತಾವು ಹಾಗೆ ಮಾಡಿದ್ದೂ ತಿಳಿದಿರಲಿಲ್ಲ. ಉಗ್ರಾಣದಕ್ಕ ಗಾಬರಿಯಿಂದ ಕಾಲರು ಬಿಟ್ಟಳು.

"ಹದಿನೆಂಟು ಆರಿಸಿಬಿಟ್ರಿ ಅಂತ ಕಾಣುತ್ತೆ," ಅಂದಿತು ದನಿ. "ಪರವಾಗಿಲ್ಲ. ನೀನು ಸಹಿ ಹಾಕಿದ್ರೆ ಅದರ ಒಳಗೆ ಏನಿದೆ ಅಂತ ಯಾರೂ ಕೇಳಲ್ಲ. ನಾಲ್ಕಕ್ಕೆ ಇನ್ನೂ ಹನ್ನೊಂದು ನಿಮಿಷ ಇದೆ. ಅಲ್ಲೀವರೆಗೆ ನಾನು, ನಿಮ್ಮಮ್ಮ ಟೀ ಕುಡೀತಾ ಇರ್ತೀವಿ."

ಕೀಲಿಕೈ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ತಡೆಯಲು ಸೂಜಿ ಕೈ ಚಾಚಿದಳು.

"ಹಾಕ್ತೀನಿ ಸಾರ್," ಅಂದಳು ಹುಡುಗಿ ಫೋನಿಗೆ, ಅಳುವವಳ ಹಾಗೆ ಮೂಗೆಳೆಯುತ್ತ. "ಅಮ್ಮಂಗೆ ಏನೂ ಹೇಳ್ಬೇಡಿ. ಹಾಕ್ತಿದೀನಿ, ಇರಿ."

ಅವಳ ಮುಖದಲ್ಲಿ ಅಳುವಿನ ಸುಳಿವೂ ಇರಲಿಲ್ಲ. ಸಹಿಯ ಜಾಗದಲ್ಲಿ ಅವಳು ಬರೆದದ್ದು ಮನೆಯ ವಿಳಾಸ. ಅದರ ಕೆಳಗೆ, ಹಿಂದಿನ ಬಾಗಿಲು, ಅಗುಳಿ ಸಡಿಲ ಎಂದು ಬರೆದಳು. ಇನ್ನೂ ಕೆಳಗೆ, ನಾನು ಮಾತಾಡ್ತಾ ಇರ್ತೀನಿ, ನೀವು ಓಡಿ ಎಂದು ಬರೆದು, ಆ ತುಂಡನ್ನು ಸದ್ದಾಗದ ಹಾಗೆ ಹರಿದು ಸೂಜಿಯ ಕೈಗೆ ತುರುಕಿದಳು.

ಸೂಜಿ ಚೀಲ ಹೆಗಲಿಗೇರಿಸಿ ಬಾಗಿಲು ತಲುಪಿದ್ದಳು. ಹಿಂದಿನಿಂದ ಮ್ಯಾನೇಜರರು ಅವಳ ತೋಳು ಹಿಡಿದರು. ಬಿಡಿಸಿಕೊಳ್ಳಲು ತಿರುಗಿದರೆ, ಆ ಮನುಷ್ಯನ ತುಟಿ ಬಿಳುಪೇರಿತ್ತು. ಫೋನಿಗೆ ಕೇಳಿಸದಷ್ಟು ಮೆಲ್ಲಗೆ ಅವಳ ಕಿವಿಯ ಹತ್ತಿರ ಬಾಗಿದರು.

"ಒಬ್ಬರೇ ಹೋಗ್ಬೇಡಿ. ನನ್ನ ಹೆಂಡತಿ ಹತ್ರಾನೂ ಹೀಗೇ ಒಬ್ರು ಟೀ ಕುಡೀತಾ ಕೂತಿದಾರೆ. ಶುಕ್ರವಾರದಿಂದ."